ಕೆರೆ ಮುಚ್ಚುವ ನೀಲಿ ಹೂವಿನ ಕಳೆ
(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಕೆರೆಯ ಅಚ್ಚುಕಟ್ಟಿನಲ್ಲಿ ಗದ್ದೆ ಇರುವವರು ಯಾರು ಎಂದು ಆಗಲೇ ಕೇಳಿದೆ. ಹೆಚ್ಚುಕಡಿಮೆ ಎಲ್ಲರೂ ಕೈ ಎತ್ತಿದಿರಿ. ಕೆರೆಯಲ್ಲಿ ನೀರಿದ್ದೂ ತೂಬಿನಿಂದ ಸರಿಯಾಗಿ ಹರಿಯದೆ ಪೇಚಾಡಿದವರು ಯಾರು ಎಂದಾಗಲೂ ಕೈಗಳು ಅಷ್ಟೇನೂ ಕಡಿಮೆಯಾಗಲಿಲ್ಲ. ಆದುದರಿಂದ ಹೂಳಿನ ಮಾತನ್ನು ಇನ್ನೊಂದು ದಿನಕ್ಕಿಟ್ಟು, ನೀರಿನ ಮೇಲೆ ತೇಲುವ ಕಳೆಯ ವಿಷಯವನ್ನೇ ಇಂದು ಹೇಳುತ್ತೇನೆ.

ಉಬ್ಬಿದ ತೊಟ್ಟು, ನಸುನೀಲಿ ಹೂವು ಇರುವ ಈ ಗಿಡದ ಹೆಸರು ವಾಟರ್ ಹಯಸಿಂತ್. ಕೆಲವರು ಇದನ್ನೂ ಅಂತರಗಂಗೆ ಎನ್ನುವುದುಂಟು. ನಿಜವಾದ ಅಂತರಗಂಗೆ ಬೇರೆ, ಅದಕ್ಕೆ ಕಣ್ಣಿಗೆ ಕಾಣುವಂಥ ಹೂವಿಲ್ಲ. ಹಯಸಿಂತಿನ ತವರು ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆ. 19ನೇ ಶತಮಾನದ ಕೊನೆಯಲ್ಲಿ ಹೂವಿನ ಚೆಲುವಿಗೆ ಮರುಳಾಗಿ ಬಂಗಾಳಕ್ಕೆ ತಂದರು. ಗಿಡ ಬಂತು, ತವರಿನಲ್ಲಿ ಅದನ್ನು ತಿನ್ನುತ್ತಿದ್ದ ಹುಳುಗಳು ಬರಲಿಲ್ಲ. ತೊಂದರೆಯ ಮೂಲ ಅಲ್ಲಿದೆ.

ತಾಯಿಗಿಡದ ಬುಡದಿಂದ ಹಂಬು ಹೊರಟು ತುದಿಯಲ್ಲಿ ಮರಿ ಬರುತ್ತದೆ. ಬಿಸಿಲು, ಗೊಬ್ಬರದ ನೀರು ಎರಡೂ ಸಿಕ್ಕರೆ ಎರಡು ವಾರಕ್ಕೆ ಇಮ್ಮಡಿಯಾಗಬಲ್ಲದು. ಇಂದು ಕಾಲು ಎಕರೆ ಇದ್ದದ್ದು ಎರಡು ತಿಂಗಳಿಗೆ ನಾಲ್ಕು ಎಕರೆ ಎಂದು ಲೆಕ್ಕ ಹಾಕಿಕೊಳ್ಳಿ. ಬೀಜವೂ ಇದೆ. ಅದು ಕೆಸರಿನಲ್ಲಿ 15–20 ವರ್ಷ ಜೀವ ಹಿಡಿದಿರುತ್ತದೆ.

ಕಿತ್ತು ಹಾಕುವುದೇ ಹಳೆಯ ಉಪಾಯ. ಚಿಕ್ಕ ಕಟ್ಟೆ, ಗೋಕಟ್ಟೆಗಳಿಗೆ ಇಂದಿಗೂ ಅದೇ ಸರಿ. ಆದರೆ ಕಿತ್ತದ್ದನ್ನು ಎಲ್ಲಿ ಹಾಕುತ್ತೀರಿ? ಒಂದು ಊರಿನಲ್ಲಿ ಜನ ವಾರಗಟ್ಟಲೆ ಸೊಂಟ ಮುರಿದು ದುಡಿದು, ರಾಶಿಯನ್ನು ಏರಿಯ ಒಳಮೈಯಲ್ಲೇ ಒಟ್ಟಿದ್ದನ್ನು ಕಂಡೆ. ಮೊದಲ ದೊಡ್ಡ ಮಳೆಗೆ ಹಸಿರಾಗಿದ್ದ ಗಿಡಗಳೆಲ್ಲ ಮತ್ತೆ ನೀರಿಗೆ! ಬೇಸಿಗೆಯಲ್ಲಿ ನೀರು ಇಳಿದಾಗ, ಹೂ ಬಿಡುವ ಮುನ್ನ ಕೀಳಿ. ನೀರು ಮುಟ್ಟದ ಜಾಗಕ್ಕೆ ಸಾಗಿಸಿ ಒಣಗಿಸಿ. ಗಿಡದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ನೀರೇ ಆದ್ದರಿಂದ, ಎರಡು ದಿನ ದಡದಲ್ಲಿ ಬಾಡಿಸಿದರೆ ಗಾಡಿಯ ಭಾರ ಎಷ್ಟೋ ಇಳಿಯುತ್ತದೆ. ಬಾಡಿದ ಮೇಲೆ ಸಗಣಿ, ಮಣ್ಣಿನೊಡನೆ ಪದರ ಪದರವಾಗಿ ಗುಂಡಿಗೆ ತುಂಬಿದರೆ ಒಳ್ಳೆಯ ಕಾಂಪೋಸ್ಟ್. ಕಾರ್ಖಾನೆಯ ನೀರು ಸೇರುವ ಕೆರೆಯ ಕಳೆಯನ್ನು ಮಾತ್ರ ತರಕಾರಿ ಮಡಿಗೆ ಹಾಕಬೇಡಿ. ಈ ಗಿಡ ನೀರಿನಲ್ಲಿರುವ ಸೀಸದಂಥ ಲೋಹಗಳನ್ನೂ ಹೀರಿಕೊಳ್ಳುತ್ತದೆ.

ಔಷಧಿ ಹೊಡೆದರಾಗದೇ ಎಂದು ಕೇಳುವವರಿದ್ದಾರೆ. ದನ, ಜನ ಕುಡಿಯುವ ನೀರಿಗೆ ನಾನಂತೂ ಹೇಳಲಾರೆ. ಒಮ್ಮೆಗೇ ಸತ್ತ ಕಳೆ ಮುಳುಗಿ ಕೊಳೆತರೆ ನೀರಿನಲ್ಲಿ ಆಮ್ಲಜನಕ ಇಲ್ಲದಂತಾಗಿ ಮೀನು ಸಾಯುತ್ತದೆ. 2,4-ಡಿ ಗಾಳಿಗೆ ಹಾರಿದರೆ ಪಕ್ಕದ ಹತ್ತಿ, ಟೊಮ್ಯಾಟೊ, ದ್ರಾಕ್ಷಿ ಸುರುಟುತ್ತವೆ. ಹುಲ್ಲುಗೆಂಡೆ ಮೀನಿನ ಮಾತೂ ಬರುತ್ತದೆ. ಅದು ನೀರಿನೊಳಗಿನ ಹೈಡ್ರಿಲ್ಲದಂಥ ಕಳೆಯನ್ನು ಇಷ್ಟಪಟ್ಟು ತಿನ್ನುತ್ತದೆ, ಹಯಸಿಂತನ್ನಲ್ಲ.

ದೊಡ್ಡ ಕೆರೆಗೆ ಮೂತಿಹುಳುವೇ ಗತಿ. ನಿಯೋಚೆಟಿನಾ ಎಂಬ ಈ ಹುಳುವನ್ನು 1982ರಲ್ಲಿ ಅಮೆರಿಕದಿಂದ ಬೆಂಗಳೂರಿಗೆ ತರಿಸಿ, ಬೇರೆ ಬೆಳೆ ತಿನ್ನುವುದಿಲ್ಲವೆಂದು ಪರೀಕ್ಷಿಸಿದ ಮೇಲೆ ಕೆರೆಗಳಿಗೆ ಬಿಟ್ಟರು. ಹೆಬ್ಬಾಳದ ಕೆರೆಯಲ್ಲಿ ಮೂರು ವರ್ಷ ತುಂಬುವ ಮೊದಲೇ ಕಳೆ ಬಹುಪಾಲು ಕುಸಿಯಿತು. ದುಂಬಿ ಅರ್ಧ ಸೆಂಟಿಮೀಟರ್ ಉದ್ದ. ರಾತ್ರಿ ಎಲೆ ಕೆರೆದು ಚೌಕದಂಥ ಗಾಯ ಮಾಡುತ್ತದೆ. ಹೆಚ್ಚಿನ ಕೆಲಸ ಮಾಡುವುದು ಅದರ ಮರಿ. ತೊಟ್ಟು ಕೊರೆದು ಬುಡಕ್ಕಿಳಿಯುತ್ತದೆ, ನೀರು ನುಗ್ಗಿ ಗಿಡ ಕೊಳೆತು ಮುಳುಗುತ್ತದೆ.

ಇದಕ್ಕೂ ಮಿತಿಯಿದೆ. ಬೇಸಿಗೆಯಲ್ಲಿ ಪೂರ್ತಿ ಒಣಗುವ ಕೆರೆಯಲ್ಲಿ ಗಿಡದೊಡನೆ ಹುಳುವೂ ಸಾಯುತ್ತದೆ, ಬೀಜ ಮಾತ್ರ ಉಳಿಯುತ್ತದೆ. ಊರ ಚರಂಡಿ ಬಂದು ಬೀಳುವಲ್ಲಿ ಹುಳು ತಿಂದಷ್ಟೂ ಗಿಡ ಚಿಗುರುತ್ತದೆ. ಬೆಳ್ಳಂದೂರು, ವರ್ತೂರು ಕೆರೆಗಳನ್ನು ಮುಂದೆ ಕಳೆ ಮತ್ತೆ ಕವಿದದ್ದನ್ನು ನೀವೂ ಕಂಡಿದ್ದೀರಿ. ಅಂಥ ಕಡೆ ಚರಂಡಿ ತಡೆಯದೆ ಹುಳುವನ್ನು ದೂರುವುದು ನ್ಯಾಯವಲ್ಲ.

ನಿಮ್ಮ ಕೆರೆಯ ನಾಲ್ಕಾರು ಎಲೆ ಕಿತ್ತು ನೋಡಿ. ಚೌಕದ ಗಾಯಗಳಿದ್ದರೆ ಹುಳು ಈಗಾಗಲೇ ಬಂದಿದೆ. ಪೂರ್ತಿ ಕೀಳದೆ ಒಂದು ಮೂಲೆಯಲ್ಲಿ ಬಿದಿರು ಅಡ್ಡಕಟ್ಟಿ ಸ್ವಲ್ಪ ಗಿಡ ಉಳಿಸಿಕೊಳ್ಳಿ. ಗಾಯವಿಲ್ಲದಿದ್ದರೆ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲಿ ವಿಚಾರಿಸಿ. ತೂಬಿನ ಸುತ್ತಲ ಜಾಗವನ್ನಂತೂ ಹುಳುವಿಗೆ ಕಾಯದೆ ಈ ವಾರವೇ ಬಿಡಿಸಿ.