ವೈದ್ಯರ ದಾಖಲೆ, ರೋಗಿಯ ಹಕ್ಕು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನಾದ ನಾನು ವೈದ್ಯರ ವಿಷಯವನ್ನೆತ್ತಿದುದು ಕೆಲವರಿಗೆ ಸೋಜಿಗವೆನಿಸೀತು. ಆದರೆ ಮಿರಜದ ಕನ್ನಡ ಮಾಸ್ತರನಿಗೆ ಪಾಠದ ಜೊತೆಗೆ ಇನ್ನೊಂದು ಕೆಲಸವುಂಟು: ಅಥಣಿ, ಜಮಖಂಡಿಗಳಿಂದ ಚಿಕಿತ್ಸೆಗೆ ಬಂದವರ ಇಂಗ್ಲಿಷ್ ಕಾಗದಗಳನ್ನು ಓದಿ ಹೇಳುವುದು. ೧೮೯೪ರಲ್ಲಿ ವಾನ್ಲೆಸ್ ಸಾಹೇಬರು ಇಲ್ಲಿ ಆಸ್ಪತ್ರೆಯನ್ನು ತೆರೆದಂದಿನಿಂದ ನಮ್ಮ ಜನ ಈ ಊರನ್ನು ನಂಬಿ ಬರುತ್ತಿದ್ದಾರೆ. ಆ ನಂಬಿಕೆ ಹುಸಿಯಲ್ಲ. ಆದರೆ ನಂಬಿದವನಿಗೆ ವಿಚಾರಿಸಿ ತಿಳಿಯುವ ಹಕ್ಕೂ ಇರಬೇಕಲ್ಲವೆ?

೨೦೧೭ರ ಮಾರ್ಚಿನಲ್ಲಿ ನಮ್ಮ ತಾಲೂಕಿನ ಮ್ಹೈಸಾಳದಲ್ಲಿ ನಡೆದುದನ್ನು ಯಾರೂ ಮರೆತಿಲ್ಲ. ಗರ್ಭಪಾತಕ್ಕೊಳಗಾದ ತರುಣಿಯೊಬ್ಬಳು ಮೃತಳಾದ ತರುವಾಯ ಪೋಲೀಸರು ಶೋಧಿಸಲಾಗಿ ಹತ್ತೊಂಬತ್ತು ಭ್ರೂಣಗಳ ಅವಶೇಷಗಳು ದೊರೆತವು. ಆಸ್ಪತ್ರೆ ನಡೆಸುತ್ತಿದ್ದವನದು ಹೋಮಿಯೋಪಥಿ ಪದವಿ. ಅವನ ಮೇಲೆ ಹಿಂದೆಯೇ ದೂರು ಹೋಗಿತ್ತೆಂದು ಆಮೇಲೆ ಪತ್ರಿಕೆಗಳಲ್ಲಿ ಓದಿದೆವು. ಆಮೇಲೆ! ಆ ದೂರು, ಅದರ ಮೇಲಿನ ತಪಾಸಣೆ, ಇವೆರಡೂ ಊರವರ ಕಣ್ಣಿಗೆ ಮೊದಲೇ ಬಿದ್ದಿದ್ದರೆ ಆ ಬಾಗಿಲನ್ನು ಎಷ್ಟು ಮಂದಿ ತಟ್ಟುತ್ತಿದ್ದರು?

ಕಾನೂನು ನಮ್ಮನ್ನು ಪೂರ್ಣವಾಗಿ ಕೈಬಿಟ್ಟಿಲ್ಲ. ರೋಗಿಗೆ ಅವನ ದಾಖಲೆಯ ಪ್ರತಿ ಸಲ್ಲಬೇಕೆಂದು ಮುಂಬಯಿ ಹೈಕೋರ್ಟು ೧೯೯೬ರಲ್ಲಿ ತೀರ್ಪಿತ್ತಿತು. ೨೦೦೨ರ ವೈದ್ಯಕೀಯ ನಿಯಮಗಳ ಪ್ರಕಾರ ಕೇಳಿದ ೭೨ ಗಂಟೆಗಳೊಳಗೆ ಅದನ್ನು ಕೊಡಬೇಕು. ಒಳರೋಗಿಯ ದಾಖಲೆಯನ್ನು ಮೂರು ವರ್ಷ ಕಾಯ್ದಿಡಬೇಕು. ಅಪರಾಧಿ ವೈದ್ಯನ ಹೆಸರನ್ನು ಪಟ್ಟಿಯಿಂದ ತೆಗೆದರೆ ಸ್ಥಳೀಯ ಪತ್ರಿಕೆಗಳಲ್ಲಿ ಸಾರಬೇಕೆಂದೂ ಅಲ್ಲಿದೆ. ದರಗಳ ಫಲಕವನ್ನು ಎರಡೂ ರಾಜ್ಯಗಳು ಕಡ್ಡಾಯಗೊಳಿಸಿವೆ. ಅದು ಔಷಧದಂಗಡಿಯ ಕ್ಯಾಲೆಂಡರಿನ ಹಿಂದೆ ಅಡಗಿದ್ದರೆ ಸರಿಸಿ ನೋಡಿರಿ.

ಕೊರತೆ ಬೇರೆಡೆಗಿದೆ. ಪರಿಷತ್ತಿನ ಪಟ್ಟಿಯಲ್ಲಿ ವೈದ್ಯರ ಹೆಸರು, ನೋಂದಣಿಯ ಸಂಖ್ಯೆ ದೊರೆಯುತ್ತವೆ. ಅವರ ಪೂರ್ವಚರಿತ್ರೆ ದೊರೆಯದು. ೨೦೦೫ರ ಮಾಹಿತಿ ಹಕ್ಕಿನ ಕಾಯಿದೆಯಡಿ ಕೇಳಿದರೆ ಖಾಸಗಿ ಸಂಗತಿಯೆಂಬ ನೆವ ಎದುರಾಗಬಹುದು. ಸುಳ್ಳು ದೂರಿನಿಂದ ಒಳ್ಳೆಯ ವೈದ್ಯರ ಮಾನ ಹೋದೀತೆಂಬ ಅಂಜಿಕೆಯೂ ನ್ಯಾಯವಾದುದೇ. ಆದುದರಿಂದ ಬರಿಯ ದೂರನ್ನಲ್ಲ, ವಿಚಾರಣೆಯಲ್ಲಿ ಸಿದ್ಧವಾದ ತಪ್ಪನ್ನು ಮಾತ್ರ ಪ್ರಕಟಿಸಲಿ ಎಂಬುದು ನನ್ನ ಮತ. ಗಡಿಯವರ ಪಾಡಂತೂ ಇಮ್ಮಡಿ: ಒಂದು ಪರಿಷತ್ತು ಮುಂಬಯಿಯಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ.

ದಾಖಲೆಯ ಪ್ರತಿಯನ್ನು ಬೇಡುವ ಅರ್ಜಿಯನ್ನು ಕನ್ನಡ, ಮರಾಠಿಗಳೆರಡರಲ್ಲಿಯೂ ಬರೆದು ತಂದಿದ್ದೇನೆ. ಬೇಕಾದವರು ಸಭೆ ಮುಗಿದೊಡನೆ ನಕಲು ಮಾಡಿಕೊಳ್ಳಬಹುದು.