ಬಾಕ್ಸಿಂಗ್ ಗ್ಲೌಸ್ ಕೊಳ್ಳುವ ಮುನ್ನ



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಹಳೆಯ ಚಿತ್ರಗೀತೆಗಳನ್ನು ಕೇಳಿ ಬರೆದವು. ಈ ಸಲ ಡೊಂಬಿವಲಿಯ ಕೇಳುಗರೊಬ್ಬರು ಬೇರೆಯದೇ ವಿಷಯ ಎತ್ತಿದ್ದಾರೆ. ಅವರ 14 ವರ್ಷದ ಮಗಳು ಮನೆ ಹತ್ತಿರದ ಬಾಕ್ಸಿಂಗ್ ತರಗತಿಗೆ ಸೇರಿದ್ದಾಳೆ. ಗ್ಲೌಸ್ ಬೇಕೆಂದು ಹಟ ಹಿಡಿದಿದ್ದಾಳೆ. ತಂದೆ ಧೋಬಿ ತಲಾವ್‌ಗೆ ಹೋಗಿ, ಮೆಟ್ರೊ ಸಿನಿಮಾದ ಹತ್ತಿರ ಸಾಲಾಗಿರುವ ಕ್ರೀಡಾ ಸಾಮಗ್ರಿ ಅಂಗಡಿಗಳನ್ನೆಲ್ಲ ಸುತ್ತಿದ್ದಾರೆ. ಒಬ್ಬ 8 ಅಂದನಂತೆ, ಇನ್ನೊಬ್ಬ 12 ಅಂದನಂತೆ, ಮೂರನೆಯವನು ‘ಯಾವುದಾದರೂ ಒಂದೇ, ಬಣ್ಣ ನೋಡಿ ತಗೊಳ್ಳಿ ಸಾಬ್’ ಅಂದನಂತೆ. ಬರಿಗೈಯಲ್ಲಿ ಲೋಕಲ್ ಹತ್ತಿ ಮನೆಗೆ ಬಂದರು. ‘ಚಪ್ಪಲಿಯ ಹಾಗೆ ಅಳತೆಯ ನಂಬರು ಇರಬಹುದು ಅಂದುಕೊಂಡಿದ್ದೆ. ಈ ನಂಬರು ಯಾವುದರ ಲೆಕ್ಕ?’ ಎಂದು ಕೇಳಿದ್ದಾರೆ. ಅದರ ಕೆಳಗೆ ಇನ್ನೂ ಒಂದು ಸಾಲಿದೆ: ‘ಅವಳ ಕೈಗೆ ಏನೂ ಆಗುವುದಿಲ್ಲ ತಾನೆ?’

ಇವತ್ತಿನ ಮಾತು ಆ ಎರಡು ಪ್ರಶ್ನೆಗಳ ಸುತ್ತ.

ಆ ನಂಬರು ಔನ್ಸ್ ಲೆಕ್ಕ. ಹಿಂದೆ ಔಷಧಿ ಅಂಗಡಿಯವರು ಕೆಮ್ಮಿನ ಮಿಕ್ಸ್‌ಚರನ್ನು ಔನ್ಸಿನಲ್ಲಿ ಅಳೆದು ಕೊಡುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಅದು ದ್ರವದ ಔನ್ಸು, ಇದು ತೂಕದ್ದು. ಒಂದು ಔನ್ಸ್ ಎಂದರೆ ಸುಮಾರು 28 ಗ್ರಾಂ. 10 ಔನ್ಸಿನ ಗ್ಲೌಸ್ ಸುಮಾರು 280 ಗ್ರಾಂ ತೂಗುತ್ತದೆ, 16 ಔನ್ಸಿನದು 450 ಗ್ರಾಂ. ಗಮನಿಸಿ, ಇದು ಜೋಡಿಯ ತೂಕವಲ್ಲ, ಒಂದೊಂದರ ತೂಕ. ತೂಕ ಹೆಚ್ಚಿದಷ್ಟೂ ಸಾಮಾನ್ಯವಾಗಿ ಒಳಗಿನ ಮೆತ್ತೆ ದಪ್ಪ. ಎರಡೂ ಕೈಗೆ ಅರ್ಧರ್ಧ ಕಿಲೋ ಸಕ್ಕರೆ ಕಟ್ಟಿಕೊಂಡು, ಗಲ್ಲದ ಮಟ್ಟಕ್ಕೆ ಮುಷ್ಟಿ ಎತ್ತಿ, 3 ನಿಮಿಷ ನಿಂತು ನೋಡಿ. ಎರಡನೆಯ ನಿಮಿಷಕ್ಕೇ ಭುಜ ಮಾತಾಡಲು ಶುರುಮಾಡುತ್ತದೆ.

ಗ್ಲೌಸಿನ ಹುಟ್ಟಿನ ಕತೆ ನನಗೆ ಬಹಳ ಹಿಡಿಸಿತು. ಇಂಗ್ಲೆಂಡಿನಲ್ಲಿ ಜ್ಯಾಕ್ ಬ್ರೌಟನ್ ಎಂಬ ಮುಷ್ಟಿಕಾಳಗದ ಜಟ್ಟಿ ಇದ್ದ. 1743ರಲ್ಲಿ ಈ ಕಾಳಗಕ್ಕೆ ಬರಹದ ನಿಯಮಗಳನ್ನು ತಂದವನು ಅವನೇ. ಲಂಡನ್ನಿನಲ್ಲಿ ಅವನ ಹತ್ತಿರ ಕಲಿಯಲು ಶ್ರೀಮಂತರ ಮಕ್ಕಳು ಬರುತ್ತಿದ್ದರು. ಅವರ ಮೂಗು, ದವಡೆ ಹಾಳಾಗಬಾರದಲ್ಲ, ಅದಕ್ಕೆಂದು ಅಭ್ಯಾಸದ ಹೊತ್ತಿನಲ್ಲಿ ಕೈಗೆ ಮೆತ್ತನೆಯ ಚೀಲದಂಥದ್ದನ್ನು ತೊಡಿಸಿದ. ನಿಜವಾದ ಪಂದ್ಯಗಳು ಮಾತ್ರ ಬರಿಗೈಯಲ್ಲೇ ನಡೆಯುತ್ತಿದ್ದವು. 1867ರಲ್ಲಿ ಕ್ವೀನ್ಸ್‌ಬೆರಿ ನಿಯಮಗಳು ಪ್ರಕಟವಾದವು. ಪಂದ್ಯಕ್ಕೂ ಗ್ಲೌಸ್ ಬೇಕೆಂಬ ಕಟ್ಟಳೆ ಬಂದದ್ದು ಅವುಗಳಿಂದ. ಅಂದರೆ ಈ ವಸ್ತು ಹುಟ್ಟಿದ್ದೇ ತರಬೇತಿಗಾಗಿ, ಅದೂ ಎದುರಿನವನ ಮುಖ ಉಳಿಸುವುದಕ್ಕಾಗಿ.

ನಮ್ಮ ಕಡೆಯ ಸಂಪ್ರದಾಯ ಇದಕ್ಕೆ ನೇರ ವಿರುದ್ಧ. ಮೈಸೂರಿನಲ್ಲಿ ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ನೀವು ಕೇಳಿರುತ್ತೀರಿ. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳ ಗೆಣ್ಣುಗಳ ಮೇಲೆ ಮೊನೆಯಿರುವ ಆಯುಧ ತೊಟ್ಟು ನಿಲ್ಲುತ್ತಾರೆ. ಒಬ್ಬನ ತಲೆಯಿಂದ ನೆತ್ತರು ಚಿಮ್ಮಿತೋ, ಕಾಳಗ ಮುಗಿಯಿತು. ಕ್ಷಣಗಳಲ್ಲಿ ಮುಗಿಯುವ ಆಚರಣೆ ಅದು. ಬಾಕ್ಸಿಂಗ್ ತರಬೇತಿ ಹಾಗಲ್ಲ. ವಾರಕ್ಕೆ ನಾಲ್ಕೈದು ದಿನ, ದಿನಕ್ಕೆ ನೂರಾರು ಏಟು, ವರ್ಷಗಟ್ಟಲೆ. ಕೈ ಅಷ್ಟು ದಿನ ಬಾಳಬೇಕು.

ಮನುಷ್ಯನ ಒಂದು ಕೈಯಲ್ಲಿ, ಮಣಿಕಟ್ಟೂ ಸೇರಿ, 27 ಮೂಳೆಗಳಿವೆ. ಹೊಡೆಯಲೆಂದು ಮಾಡಿದ ಅಂಗವಲ್ಲ ಅದು. ಅಕ್ಕಿ ಆರಿಸಲು, ಹೂ ಕಟ್ಟಲು, ಬರೆಯಲು ಮಾಡಿದ್ದು. ಮುಷ್ಟಿ ಸರಿಯಾಗಿ ಬಿಗಿಯದೆ ಹೊಡೆದಾಗ ಮುರಿಯುವುದು ಹೆಚ್ಚಾಗಿ ಕಿರುಬೆರಳಿನ ಬುಡದ ಮೂಳೆ. ವೈದ್ಯರು ಇದಕ್ಕೆ ಬಾಕ್ಸರ್ಸ್ ಫ್ರ್ಯಾಕ್ಚರ್ ಎಂದೇ ಹೆಸರಿಟ್ಟಿದ್ದಾರೆ. ತಮಾಷೆಯೆಂದರೆ ಪಳಗಿದ ಬಾಕ್ಸರಿಗಿಂತ, ಸಿಟ್ಟಿನಲ್ಲಿ ಗೋಡೆಗೆ ಗುದ್ದಿದವರಲ್ಲೇ ಇದು ಹೆಚ್ಚು. ಪಳಗಿದವರು ತೋರುಬೆರಳು, ನಡುಬೆರಳುಗಳ ಗೆಣ್ಣಿನಿಂದ ಹೊಡೆಯುತ್ತಾರೆ. ಆ ಗೆಣ್ಣುಗಳು ಮುಂಗೈಯ ನೇರಕ್ಕೆ ಇರುತ್ತವೆ. ಗ್ಲೌಸ್ ಎಷ್ಟೇ ದುಬಾರಿಯದಾಗಲಿ, ಈ ನೇರವನ್ನು ಅದು ಕಲಿಸುವುದಿಲ್ಲ. ಅದು ಗುರುವಿನ ಕೆಲಸ.

ಆದ್ದರಿಂದ ಡೊಂಬಿವಲಿಯ ಮಿತ್ರರೆ, ಮೊದಲು ಕೊಳ್ಳಬೇಕಾದದ್ದು ಗ್ಲೌಸನ್ನಲ್ಲ, ಕೈಗೆ ಸುತ್ತುವ ಪಟ್ಟಿಯನ್ನು. ಅಂಗಡಿಯಲ್ಲಿ ಹ್ಯಾಂಡ್ ರ‍್ಯಾಪ್ ಎಂದು ಕೇಳಿ. ಎರಡು ಇಂಚು ಅಗಲದ ಹತ್ತಿಯ ಪಟ್ಟಿ. ದೊಡ್ಡವರದು 180 ಇಂಚು, ಅಂದರೆ ನಾಲ್ಕೂವರೆ ಮೀಟರು. ಸೀರೆಗಿಂತ ಒಂದು ಮೀಟರು ಕಡಿಮೆ ಅಷ್ಟೆ! ಮಕ್ಕಳ ಕೈಗೆ 108 ಅಥವಾ 120 ಇಂಚಿನದು ಸಿಗುತ್ತದೆ. ಮಣಿಕಟ್ಟಿಗೆ ಕೆಲವು ಸುತ್ತು, ಅಂಗೈಗೆ ಕೆಲವು, ಬೆರಳ ಸಂದಿಗಳಲ್ಲಿ ಹಾಯಿಸಿ, ಹೆಬ್ಬೆರಳಿಗೊಂದು ಸುತ್ತು, ಮತ್ತೆ ಮಣಿಕಟ್ಟಿಗೆ ತಂದು ಮುಗಿಸುವುದು. ಚದರಿಹೋಗಬಹುದಾದ ಆ ಸಣ್ಣ ಮೂಳೆಗಳನ್ನೆಲ್ಲ ಒಂದು ಕಟ್ಟು ಮಾಡಿ ಹಿಡಿಯುವುದು ಈ ಬಟ್ಟೆ. ಗ್ಲೌಸಿನ ಮೆತ್ತೆ ಏಟಿನ ಪೆಟ್ಟನ್ನು ಹೀರುತ್ತದೆ, ಕೈಯನ್ನು ಕಟ್ಟಿ ಹಿಡಿಯುವುದು ಪಟ್ಟಿಯೇ. ಪಟ್ಟಿ ಸುತ್ತದೆ ಚೀಲಕ್ಕೆ ಗುದ್ದುವ ಹುಡುಗರನ್ನು ನಾನು ತರಬೇತಿ ಕೇಂದ್ರಗಳಲ್ಲಿ ನೋಡಿದ್ದೇನೆ. ನನಗಂತೂ ಅದು ಹೆಲ್ಮೆಟನ್ನು ಕೈಗೆ ನೇತುಹಾಕಿಕೊಂಡು ಬೈಕ್ ಓಡಿಸಿದ ಹಾಗೆ ಕಾಣುತ್ತದೆ. ಎರಡು ಜೊತೆ ಪಟ್ಟಿ ಕೊಳ್ಳಿ, ಒಂದು ಒಗೆದಾಗ ಇನ್ನೊಂದು. ಮೊದಲ ತಿಂಗಳು ಕೇಂದ್ರದ ಗ್ಲೌಸಿನಲ್ಲೇ ಕಲಿಯಲಿ. ಹುಡುಗಿಗೆ ಆಟ ರುಚಿಸಿತೇ, ಗುರುಗಳು ಯಾವ ತೂಕ ಹೇಳುತ್ತಾರೆ, ಅಷ್ಟರಲ್ಲಿ ಗೊತ್ತಾಗುತ್ತದೆ. ಹತ್ತು ಜನರ ಬೆವರು ಕುಡಿದ ಗ್ಲೌಸಿನಲ್ಲಿ ತುರಿಕೆ, ಹುಳುಕಡ್ಡಿ ಅಂಟುವ ಭಯವಿದೆ ನಿಜ. ಅದಕ್ಕೂ ಪಟ್ಟಿಯೇ ಅಡ್ಡ.

ಇನ್ನು ಗ್ಲೌಸು. ಚೀಲಕ್ಕೆ ಗುದ್ದುವ ಬ್ಯಾಗ್ ಗ್ಲೌಸ್ ಬೇರೆ, ಜೊತೆಗಾರನೊಡನೆ ಆಡುವ ಸ್ಪಾರಿಂಗ್ ಗ್ಲೌಸ್ ಬೇರೆ, ಪಂದ್ಯದ ಗ್ಲೌಸ್ ಬೇರೆ. ಪಂದ್ಯದ್ದನ್ನು ಸಂಘಟಕರೇ ಕೊಡುವುದು ವಾಡಿಕೆ, ಅದರ ಚಿಂತೆ ಬಿಡಿ. ವೃತ್ತಿಪರ ಪಂದ್ಯಗಳಲ್ಲಿ ಕಡಿಮೆ ತೂಕದವರಿಗೆ 8 ಔನ್ಸ್, ಭಾರದವರಿಗೆ 10 ಔನ್ಸ್. ಟೀವಿಯಲ್ಲಿ ಅದನ್ನು ನೋಡಿ ‘ನನಗೂ 8 ಸಾಕು’ ಎನ್ನುವ ಹುಡುಗರಿದ್ದಾರೆ. ಸಾಲದು. ಅಲ್ಲಿನ ಲೆಕ್ಕ ಒಂದು ರಾತ್ರಿಯದು.

ಕಲಿಯುವವರಿಗೆ ಒಂದೇ ಜೊತೆ ಕೊಳ್ಳುವ ಶಕ್ತಿಯಿದ್ದರೆ, ಟ್ರೇನಿಂಗ್ ಗ್ಲೌಸ್ ಎಂದು ಮಾರುವ, ಚೀಲಕ್ಕೂ ಗುರುಗಳು ಹಿಡಿಯುವ ಪ್ಯಾಡಿಗೂ ಆಗುವ ಜೊತೆಯೇ ಸರಿ. ಮೈತೂಕ 55 ಕಿಲೋ ಒಳಗಿನ ವಯಸ್ಕರು 10 ಅಥವಾ 12, 55ರಿಂದ 70ರವರೆಗಿನವರು 12 ಅಥವಾ 14, ಅದಕ್ಕೂ ಮೇಲಿನವರು 14 ಅಥವಾ 16 ತೆಗೆದುಕೊಳ್ಳುವುದು ರೂಢಿ. ಪುಟ್ಟ ಮಕ್ಕಳಿಗೆ 6, 8 ಇವೆ. 14 ವರ್ಷದ ಹುಡುಗಿಗೆ ಅವಳ ಮೈಕಟ್ಟು ನೋಡಿ 8 ಅಥವಾ 10. ಕಂಪನಿಯಿಂದ ಕಂಪನಿಗೆ ಈ ಪಟ್ಟಿ ಅಷ್ಟಿಷ್ಟು ಬದಲಾಗುತ್ತದೆ, ಗುರುಗಳ ಮಾತೇ ಕೊನೆಯದು.

ಸ್ಪಾರಿಂಗಿನ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಖಡಕ್ಕಾಗಿ ಹೇಳುತ್ತೇನೆ. ಅಲ್ಲಿ ಗ್ಲೌಸ್ ನಿಮ್ಮದು, ಮುಖ ಇನ್ನೊಬ್ಬರ ಮನೆಯ ಮಗುವಿನದು. ದೊಡ್ಡವರು 16 ಔನ್ಸಿಗೆ, ಹಗುರ ಮೈಯವರು 14ಕ್ಕೆ ಕಡಿಮೆ ತೊಡದಿರುವುದು ಒಳ್ಳೆಯ ಕೇಂದ್ರಗಳ ನಿಯಮ. ಮಕ್ಕಳಿಗೆ ಅವರವರ ಮೈತೂಕಕ್ಕೆ ತಕ್ಕಂತೆ ಗುರುಗಳೇ ನಿಶ್ಚಯಿಸುತ್ತಾರೆ. ಚೀಲಕ್ಕೆ ಗುದ್ದಿ ಗುದ್ದಿ ಮೆತ್ತೆ ಗಟ್ಟಿಯಾದ ಗ್ಲೌಸನ್ನು ತೊಟ್ಟು ಸ್ಪಾರಿಂಗಿಗೆ ಇಳಿಯಬಾರದು. ಹೆಬ್ಬೆರಳು ಗ್ಲೌಸಿನ ಮೈಗೆ ಹೊಲಿದು ಸೇರಿಸಿದ್ದಾಗಿರಬೇಕು, ಇಲ್ಲದಿದ್ದರೆ ಅದು ಎದುರಿನವರ ಕಣ್ಣಿಗೆ ಹೊಕ್ಕೀತು. ಹಲ್ಲಿಗೆ ಗಮ್ ಶೀಲ್ಡ್, ತಲೆಗೆ ಹೆಡ್‌ಗಾರ್ಡ್ ಇರಲಿ. 2016ರ ರಿಯೊ ಒಲಿಂಪಿಕ್ಸಿನಿಂದ ಪುರುಷರು ಹೆಡ್‌ಗಾರ್ಡ್ ಬಿಟ್ಟರಲ್ಲ ಎಂದು ಕೇಳಬಹುದು. ಅದು ಪಂದ್ಯದ ಮಾತು, ಕಲಿಯುವ ಮಕ್ಕಳ ಅಭ್ಯಾಸಕ್ಕೆ ಅನ್ವಯಿಸಿಕೊಳ್ಳಬಾರದು.

ಹೆತ್ತವರು ಇನ್ನೂ ಒಂದು ಮಾತನ್ನು ತಿಳಿದಿರಬೇಕು. ಗ್ಲೌಸು ಗಾಯ, ರಕ್ತವನ್ನು ತಗ್ಗಿಸುತ್ತದೆ. ತಲೆಬುರುಡೆಯ ಒಳಗೆ ಮಿದುಳು ಅಲುಗುವುದನ್ನು ಅದು ತಡೆಯಲಾರದು. ಹೆಡ್‌ಗಾರ್ಡ್ ಕೂಡ ಪೂರ್ತಿ ತಡೆಯಲಾರದು. ಬರಿಗೈಯಲ್ಲಿ ಹೊಡೆದಾಡುತ್ತಿದ್ದವರು ಕೈ ಮುರಿದೀತೆಂದು ತಲೆಗೆ ಹೊಡೆಯಲು ಹಿಂಜರಿಯುತ್ತಿದ್ದರು, ಗ್ಲೌಸ್ ಬಂದ ಮೇಲೆ ಆ ಹಿಂಜರಿಕೆ ಹೋಯಿತು ಎಂದು ವಾದಿಸುವವರಿದ್ದಾರೆ. ಮಗು ಅಭ್ಯಾಸದಿಂದ ಬಂದು ತಲೆನೋವು, ವಾಂತಿ, ಮಂಪರು, ಬೆಳಕು ಕಂಡರೆ ಆಗುತ್ತಿಲ್ಲ ಎಂದರೆ ಕಾಫಿ ಕೊಟ್ಟು ಮಲಗಿಸಬೇಡಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಅವರು ಹೇಳುವವರೆಗೆ ಅಭ್ಯಾಸ ಬಂದ್. ಹೊಸಬರನ್ನು ಮೊದಲ ವಾರವೇ ಎದುರುಬದುರು ನಿಲ್ಲಿಸಿ ಹೊಡೆದಾಡಿಸುವ ತರಗತಿಯಾದರೆ, ಗ್ಲೌಸಿಗಿಂತ ಮೊದಲು ತರಗತಿಯನ್ನೇ ಬದಲಾಯಿಸಿ.

ಈಗ ಅಂಗಡಿಗೆ ಹೋಗೋಣ. ಮಗಳನ್ನು ಕರೆದುಕೊಂಡೇ ಹೋಗಿ, ಕೈಪಟ್ಟಿ ಸುತ್ತಿಯೇ ತೊಡಿಸಿ ನೋಡಿ. ಬರಿಗೈಗೆ ಹಿತವಾಗಿ ಕೂತದ್ದು ಪಟ್ಟಿ ಸುತ್ತಿದಾಗ ಬಿಗಿಯಾಗುತ್ತದೆ. ಬೆರಳ ತುದಿ ಗ್ಲೌಸಿನ ತುದಿಯನ್ನು ಮೆಲ್ಲಗೆ ಮುಟ್ಟಬೇಕು, ಮಡಚಿಕೊಳ್ಳಬಾರದು. ಮುಷ್ಟಿ ಕಟ್ಟಲು ಒದ್ದಾಡುವಂತಿರಬಾರದು. ಮಣಿಕಟ್ಟಿನ ಪಟ್ಟಿ ಬಿಗಿದ ಮೇಲೆ ಕೈಯನ್ನು ಹಿಂದೆ ಮುಂದೆ ಬಾಗಿಸಿ ನೋಡಲಿ, ಸುಲಭವಾಗಿ ಬಾಗಿದರೆ ಆ ಜೊತೆಯನ್ನು ಬದಿಗಿಡಿ. ಒಳಗೆ ಬೆರಳಾಡಿಸಿ ಹೊಲಿಗೆಯ ಗಂಟು ಎಲ್ಲಾದರೂ ಚುಚ್ಚುತ್ತದೆಯೇ ನೋಡಿ. ಗೆಣ್ಣಿನ ಮೇಲಿನ ಮೆತ್ತೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ನಿಧಾನವಾಗಿ ಮೇಲೆ ಬರಬೇಕು. ಥಟ್ಟನೆ ತಳ ಸಿಕ್ಕಿದರೆ ಒಳಗಿರುವುದು ಅಗ್ಗದ ಸ್ಪಂಜು.

ಹೆಣ್ಣುಮಕ್ಕಳ ಅಂಗೈ ಸಾಮಾನ್ಯವಾಗಿ ಕಿರಿದು. ಗಂಡಸರ ಅಳತೆಯ 10 ಔನ್ಸಿನಲ್ಲಿ ಅವರ ಕೈ ಗಂಟೆಯ ನಾಲಗೆಯ ಹಾಗೆ ಅಲ್ಲಾಡುತ್ತದೆ, ಆಗಲೇ ಮಣಿಕಟ್ಟು ಉಳುಕುವುದು. ತೂಕ ಅದೇ ಇದ್ದು ಒಳಗಿನ ಜಾಗ ಕಿರಿದಾಗಿರುವ ಗ್ಲೌಸುಗಳು ಸಿಗುತ್ತವೆ, ಕೇಳಿ ಪಡೆಯಿರಿ. ಗುಲಾಬಿ ಬಣ್ಣ ಬಳಿದ ಮಾತ್ರಕ್ಕೆ ಅದು ಹೆಣ್ಣುಮಕ್ಕಳ ಗ್ಲೌಸ್ ಆಗುವುದಿಲ್ಲ. ಬಳೆ, ಉಂಗುರ ಮನೆಯಲ್ಲೇ ಇರಲಿ. ‘ಹೆಣ್ಣುಮಗುವಿಗೆ ಇದೆಲ್ಲ ಯಾಕೆ’ ಎನ್ನುವ ಬಂಧುಗಳು ಬಂದರೆ ಹೇಳಿ: 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಮಹಿಳೆಯರಿಗೆ ಬಾಕ್ಸಿಂಗ್ ಮೊದಲ ಬಾರಿ ತೆರೆದಾಗಲೇ ಮಣಿಪುರದ ಮೇರಿ ಕೋಮ್ ಕಂಚು ತಂದರು. ಟೋಕಿಯೊದಲ್ಲಿ 2021ರಲ್ಲಿ ಅಸ್ಸಾಮಿನ ಲವ್ಲೀನಾ ಬೊರ್ಗೊಹೈನ್ ತಂದರು. ನಮ್ಮ ಹೈದರಾಬಾದಿನ ಕೇಳುಗರಿಗೆ ಹತ್ತಿರದ ನಿಜಾಮಾಬಾದಿನ ನಿಖತ್ ಜರೀನ್ 2022ರಲ್ಲೂ 2023ರಲ್ಲೂ ವಿಶ್ವ ಚಾಂಪಿಯನ್ ಆದರು.

ಚರ್ಮವೋ ರೆಕ್ಸಿನ್ನೋ? ವಾರಕ್ಕೆ ಎರಡು ದಿನ ಹೋಗುವವರಿಗೆ ಒಳ್ಳೆಯ ರೆಕ್ಸಿನ್ ಸಾಕು. ದಿನವೂ ಆಡುವವರಿಗೆ ಚರ್ಮದ್ದು ದುಡ್ಡಿಗೆ ಮೋಸವಿಲ್ಲದಂತೆ ಬಾಳುತ್ತದೆ. ಲಾಡಿ ಕಟ್ಟುವ ಗ್ಲೌಸ್ ಮಣಿಕಟ್ಟಿಗೆ ಚೆನ್ನಾಗಿ ಕೂರುತ್ತದೆ, ಆದರೆ ಕಟ್ಟಲು ಇನ್ನೊಬ್ಬರು ಬೇಕು. ಕಲಿಯುವವರಿಗೆ ವೆಲ್ಕ್ರೊ ಸಲೀಸು. ಹೆಸರಾಂತ ವಿದೇಶಿ ಕಂಪನಿಗಳ ಚೀಟಿ ಅಂಟಿಸಿಕೊಂಡ ನಕಲಿ ಮಾಲಿಗಿಂತ, ಮೀರತ್, ಜಲಂಧರ್‌ಗಳಲ್ಲಿ ತಯಾರಾಗುವ ನಮ್ಮದೇ ಮಾಲು ಎಷ್ಟೋ ವಾಸಿ. ಆ ಎರಡು ಊರುಗಳು ದೇಶದ ಕ್ರೀಡಾ ಸಾಮಗ್ರಿಯ ದೊಡ್ಡ ಕಾರ್ಖಾನೆಗಳು.

ಕೊಂಡ ಮೇಲೆ ಮುಂಬಯಿಯ ಮಳೆಗಾಲವೊಂದಿದೆ. ಜೂನ್‌ನಿಂದ ನಾಲ್ಕು ತಿಂಗಳು ಇಲ್ಲಿ ಒಗೆದ ಬನಿಯನ್ನೇ ಒಣಗುವುದಿಲ್ಲ, ಇನ್ನು ಬೆವರು ಕುಡಿದ ಗ್ಲೌಸಿನ ಗತಿ ಕೇಳಬೇಕೇ. ಅಭ್ಯಾಸ ಮುಗಿದೊಡನೆ ಬ್ಯಾಗಿನೊಳಗೆ ತುರುಕಬೇಡಿ. ಬಾಯಿ ಅಗಲಿಸಿ, ಒಳಗೆ ಒಣಬಟ್ಟೆಯಿಂದ ಒರೆಸಿ, ಹಳೆಯ ಪೇಪರು ಉಂಡೆ ಮಾಡಿ ತುಂಬಿಸಿ, ಗಂಟೆ ಬಿಟ್ಟು ಪೇಪರು ಬದಲಾಯಿಸಿ, ಫ್ಯಾನಿನ ಕೆಳಗೆ ಇಡಿ. ಸುಡುಬಿಸಿಲಿಗೆ ಇಟ್ಟರೆ ಚರ್ಮ ಬಿರಿಯುತ್ತದೆ. ವಾಷಿಂಗ್ ಮೆಷಿನ್ನಿಗೆ ಹಾಕುವವರೂ ಇದ್ದಾರೆ, ಅವರ ಗ್ಲೌಸಿನೊಳಗಿನ ಮೆತ್ತೆ ಒಂದೇ ಒಗೆತಕ್ಕೆ ಮುದ್ದೆಯಾಗುತ್ತದೆ. ವಾಸನೆಗೆಂದು ನ್ಯಾಫ್ತಲಿನ್ ಗುಳಿಗೆ ಹಾಕಬೇಡಿ. ಅದೇ ಕೈ ಮುಖದ ಹತ್ತಿರ ಇರುತ್ತದೆ, ಅದೇ ಗಾಳಿ ಉಸಿರಾಡಬೇಕು. ಕೈಪಟ್ಟಿಯನ್ನು ಮಾತ್ರ ದಿನವೂ ಒಗೆಯಿರಿ, ವೆಲ್ಕ್ರೊ ತುದಿ ಮುಚ್ಚಿ ಒಗೆದರೆ ಬೇರೆ ಬಟ್ಟೆಗಳಿಗೆ ಕಚ್ಚಿಕೊಳ್ಳುವುದಿಲ್ಲ.

ಗುದ್ದುವಾಗ ಚೀಲದ ಗಟ್ಟಿತನ ಗೆಣ್ಣಿಗೆ ತಾಗತೊಡಗಿತೆಂದರೆ ಆ ಜೊತೆಯ ಕಾಲ ಮುಗಿಯಿತು. ಅದನ್ನು ಚಿಕ್ಕ ತಮ್ಮನಿಗೆ ದಾಟಿಸುವ ನಮ್ಮ ಮನೆಗಳ ಪದ್ಧತಿಯನ್ನು ಶಾಲೆಯ ಸ್ವೆಟರಿಗೆ ಇಟ್ಟುಕೊಳ್ಳೋಣ.