ಶೋಕದ ಸಂಜೆಯ ಮಾತು
(ಶತಮಾನೋತ್ಸವದ ಉಪನ್ಯಾಸ)



ನೂರು ವರ್ಷಗಳಿಂದ ಈ ಶಾಲೆ ಗಡಿನಾಡಿನ ಮಕ್ಕಳಿಗೆ ಕನ್ನಡದಲ್ಲಿ ಮಾತು ಕಲಿಸಿದೆ. ಆದುದರಿಂದ ಇಂದು ಮಾತಿನ ಹೊಣೆಯನ್ನು ಕುರಿತು ಆಲೋಚಿಸುವುದು ಉಚಿತವೆಂದು ಭಾವಿಸಿದ್ದೇವೆ. ನಿದರ್ಶನವಾಗಿ, 1948ರ ಜನವರಿ 30ರಂದು ಪಂಡಿತ ಜವಾಹರಲಾಲ ನೆಹರೂ ಅವರು ಆಕಾಶವಾಣಿಯಲ್ಲಿ ಆಡಿದ ಮಾತುಗಳನ್ನು ಆರಿಸಿಕೊಂಡಿದ್ದೇವೆ.

ಅಂದು ಸಂಜೆ ಐದು ಗಂಟೆ ಕಳೆದ ಸ್ವಲ್ಪ ಹೊತ್ತಿನಲ್ಲಿ, ದೆಹಲಿಯ ಬಿರ್ಲಾ ಭವನದಲ್ಲಿ ಪ್ರಾರ್ಥನಾ ಸಭೆಗೆ ನಡೆದುಹೋಗುತ್ತಿದ್ದ ಗಾಂಧೀಜಿಯವರು ಗುಂಡೇಟಿಗೆ ಬಲಿಯಾದರು. ದೇಶವಿಭಜನೆಯ ಗಾಯ ಇನ್ನೂ ಹಸಿಯಾಗಿತ್ತು. ಕೊಂದವನು ಮುಸ್ಲಿಮನೆಂಬ ಸುಳ್ಳು ಸುದ್ದಿ ಹಬ್ಬಿದ್ದರೆ ರಕ್ತದ ಕಾಲುವೆಯೇ ಹರಿಯುತ್ತಿತ್ತು. ಆದುದರಿಂದಲೇ ಹಂತಕನು ಹಿಂದೂ ಎಂಬುದನ್ನು ಆಕಾಶವಾಣಿ ತಡಮಾಡದೆ ತಿಳಿಸಿತು. ಬಳಿಕ ನೆಹರೂ ಮಾತನಾಡಿದರು. ಇಂಗ್ಲಿಷಿನಲ್ಲಿ, ಮೊದಲೇ ಬರೆದು ಸಿದ್ಧಪಡಿಸದೆ.

ಅವರ ಮಾತು ಜನಮನವನ್ನು ಹೇಗೆ ಮುಟ್ಟಿತು? ಮೊದಲಿಗೆ, ಬಾಳಿನ ಬೆಳಕೇ ಆರಿತೆಂದು ಹೇಳಿ, ಏನನ್ನು ಹೇಗೆ ಹೇಳಬೇಕೆಂಬುದೇ ತಮಗೆ ತಿಳಿಯದೆಂದು ಅವರು ಒಪ್ಪಿಕೊಂಡರು. ಪ್ರಧಾನಿಯೂ ತನ್ನಂತೆಯೇ ಅನಾಥನೆಂದು ಕೇಳುಗನಿಗೆ ಅನಿಸಿತು. ನಂಬಿಕೆ ಹುಟ್ಟಿದ್ದು ಅಲ್ಲಿಂದ. ಆಮೇಲೆ ತಮ್ಮ ಮಾತನ್ನು ತಾವೇ ತಿದ್ದಿಕೊಂಡು, ಅದು ಸಾಮಾನ್ಯ ಬೆಳಕಲ್ಲ, ಸಾವಿರ ವರ್ಷಗಳ ಬಳಿಕವೂ ಕಾಣಿಸುವಂಥದೆಂದರು. ಹೀಗೆ ಕೇಳುಗನೂ ಅವರೊಡನೆ ಹತಾಶೆಯಿಂದ ಭರವಸೆಯೆಡೆಗೆ ಹೆಜ್ಜೆಯಿಟ್ಟನು.

ಕೊಂದವನನ್ನು ಅವರು ಹುಚ್ಚನೆಂದರು. ಯಾವ ಸಮುದಾಯದ ಮೇಲೂ ದೋಷ ಹೊರಿಸಲಿಲ್ಲ. ದೇಶದಲ್ಲಿ ಹರಡಿದ ದ್ವೇಷದ ವಿಷವನ್ನು ಮಾತ್ರ ಮರೆಮಾಚಲಿಲ್ಲ. ಅದನ್ನು ಬೇರುಸಹಿತ ಕೀಳಬೇಕು, ಆದರೆ ಹುಚ್ಚುತನದಿಂದಲ್ಲ, ಗುರು ಕಲಿಸಿದ ರೀತಿಯಲ್ಲಿ ಎಂದರು. ಕೋಪವನ್ನು ಅಲ್ಲಗಳೆಯದೆ ಅದಕ್ಕೊಂದು ದಾರಿ ತೋರಿಸಿದರು.

ಕೊನೆಗೆ ಶೋಕಕ್ಕೆ ಕೆಲಸ ಕೊಟ್ಟರು. ಮರುದಿನ ಸಂಜೆ ನಾಲ್ಕಕ್ಕೆ ಯಮುನೆಯ ದಂಡೆಯಲ್ಲಿ ಅಂತ್ಯಕ್ರಿಯೆ ನಡೆಯುವುದೆಂದು ತಿಳಿಸಿ, ಉಪವಾಸ ಮತ್ತು ಪ್ರಾರ್ಥನೆಯಲ್ಲಿ ದಿನವನ್ನು ಕಳೆಯಲು ಕೋರಿದರು. ದೂರದ ಊರುಗಳವರು ಅದೇ ವೇಳೆಗೆ ನದಿಗೋ ಕಡಲಿಗೋ ಹೋಗಿ ಪ್ರಾರ್ಥಿಸಲೆಂದರು. ದೆಹಲಿಯನ್ನು ಕಾಣದ ಹಳ್ಳಿಗನಿಗೂ ಆ ಅಂತ್ಯಯಾತ್ರೆಯಲ್ಲಿ ಪಾಲು ದೊರೆಯಿತು.

ಆದರೂ ಮಾತಿಗೆ ಮಿತಿಯಿದೆ ಎಂಬುದನ್ನು ನಾವು ಮರೆಯಬಾರದು. ಅದೇ ದಿನಗಳಲ್ಲಿ, ನಮಗೆ ದೂರವಲ್ಲದ ಸಾಂಗ್ಲಿ, ಕೊಲ್ಹಾಪುರಗಳ ಕಡೆ ಹಂತಕನ ಜಾತಿಯವರೆಂಬ ಒಂದೇ ಕಾರಣಕ್ಕೆ ನಿರಪರಾಧಿ ಬ್ರಾಹ್ಮಣರ ಮನೆಗಳಿಗೆ ಬೆಂಕಿ ಬಿದ್ದಿತು. ಒಬ್ಬನ ಪಾಪಕ್ಕೆ ಒಂದು ಸಮುದಾಯವನ್ನೇ ದಂಡಿಸಬಾರದೆಂಬ ವಿವೇಕವನ್ನು ಭಾಷಣವೊಂದೇ ಮೂಡಿಸಲಾರದು. ಕೇಳುವ ಕಿವಿಯೂ ಮೊದಲೇ ಸಿದ್ಧವಾಗಿರಬೇಕು. ಆ ಸಿದ್ಧತೆ ನಡೆಯುವುದು ಶಾಲೆಯಲ್ಲಿ.

ವಿದ್ಯಾರ್ಥಿ ಮಿತ್ರರೇ, ಎರಡು ಭಾಷೆಗಳ ನಡುವೆ ಬಾಳುವ ನಮ್ಮಲ್ಲಿಯೂ ಒಂದು ಕಿಡಿನುಡಿ ನೆರೆಹೊರೆಯನ್ನು ಒಡೆಯಬಲ್ಲದು. ಆದುದರಿಂದ ದುಃಖದ ವೇಳೆಯಲ್ಲಿ ಯಾವ ನಾಯಕರು ಮಾತನಾಡಿದರೂ ಕೇಳಿಕೊಳ್ಳಿರಿ: ಇವರು ನಿಜ ಹೇಳುತ್ತಿದ್ದಾರೆಯೇ? ನಮ್ಮ ಕಣ್ಣೀರನ್ನು ಯಾರ ಮೇಲಾದರೂ ಎತ್ತಿಕಟ್ಟುತ್ತಿದ್ದಾರೆಯೇ? ನಾಳೆ ಬೆಳಿಗ್ಗೆ ನಾವು ಮಾಡಬೇಕೆಂದು ಇವರು ಹೇಳುವ ಕೆಲಸ ನೆರೆಯವನ ಮುಂದೆ ಮಾಡಬಹುದಾದುದೇ?

ಹೀಗೆ ಕೇಳಬಲ್ಲ ಮಕ್ಕಳನ್ನು ಈ ಶಾಲೆ ಇನ್ನೂ ನೂರು ವರ್ಷ ಬೆಳೆಸಲಿ ಎಂದು ಹಾರೈಸಿ ವಿರಮಿಸುತ್ತೇವೆ.